ಮೀನುಗಳಿಗೆ ಏಕಾದಶಿ ಮಾಡಿಸಿದವರು

ಹೋದ ತಿಂಗಳು ಒಂದು ಬೆಳಿಗ್ಗೆ ಫೋನ್ ಬಂತು. ಬೆಳಗಿನ ಹೊತ್ತು ಫೋನ್ ಬಂದರೆ ನಾನು ಅದನ್ನು ಎತ್ತುವ ಮೊದಲೇ, ನೆಂಟರಲ್ಲಿ ಯಾರು ಯಾರಿಗೆ ವಯಸ್ಸಾಗಿದೆ ಎಂದು ಮನಸ್ಸಿನಲ್ಲೇ ಹಾಜರಿ ಕೂಗಿ ಮುಗಿಸಿರುತ್ತೇನೆ. ಆ ಹಾಜರಿಯಲ್ಲಿ ಇವರ ಹೆಸರಿರಲಿಲ್ಲ. ನೆಂಟರಲ್ಲವಲ್ಲ. ಮದರಾಸಿನ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಸಂದಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯವರು, ಅಷ್ಟೆ. ಸಂದಿಯೆಲ್ಲ ಅವರನ್ನು ಮಾಮಿ ಎನ್ನುತ್ತಿತ್ತು, ನಾವೂ ಅದನ್ನೇ ಕಲಿತೆವು. ಮಾತಾಡಿದವಳು ಅವರ ತಮ್ಮನ ಮಗಳು. ಎಪ್ಪತ್ತು ದಾಟಿತ್ತು, ಒಂದು ದಿನವೂ ನರಳದೆ ಹೋದರು ಎಂದಳು. ಅಳಬೇಕಾದ ಹೊತ್ತಿನಲ್ಲಿ ನನಗೆ ಮೊದಲು ನೆನಪಾದದ್ದು ಅವರ ನೀಲಿ ಬೆರಳುಗಳು. ಅವು ನೆನಪಾದ ಮೇಲೆ ಅಳುವುದು ಕಷ್ಟ.

ಚುನಾವಣೆ ಇರಲಿ ಬಿಡಲಿ, ಮಾಮಿಯ ಬೆರಳುಗಳಿಗೆ ಮಸಿ ಹತ್ತಿಯೇ ಇರುತ್ತಿತ್ತು. ಅದು ಮಸಿಯಲ್ಲ, ಮೀನಿನ ಔಷಧಿ. ಮೈಗೆ ಬೂಷ್ಟು ಹಿಡಿದ ಮೀನಿನ ನೀರಿಗೆ ಒಂದೆರಡು ತೊಟ್ಟು ಬಿಡುವ ಆ ನೀಲಿ, ಸೋಪಿಗೂ ಹುಣಸೆಹಣ್ಣಿಗೂ ಜಗ್ಗುವಂಥದ್ದಲ್ಲ. ನವರಾತ್ರಿಯಲ್ಲಿ ಅದೇ ಬೆರಳುಗಳಿಂದ ಸುಂಡಲ್, ನಮ್ಮ ಕಡಲೆ ಉಸಲಿ, ಹಂಚುವರು. ಹೊಸಬರು ದೊನ್ನೆಯನ್ನೊಮ್ಮೆ, ಬೆರಳನ್ನೊಮ್ಮೆ ನೋಡುತ್ತಿದ್ದರು. ಹಳಬರು ನೋಡದೆ ತಿಂದು ಇನ್ನೊಂದು ದೊನ್ನೆ ಕೇಳುತ್ತಿದ್ದರು.

ಅಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ ಅವರದು. ಮನೆಮಾತು ಕನ್ನಡವೇ, ಆದರೆ ಮೂರು ತಲೆಮಾರು ತಮಿಳಿನ ಜೊತೆ ಒಂದೇ ಒಲೆಯ ಮೇಲೆ ಬೆಂದ ಕನ್ನಡ. ನಾವು ಮೈಸೂರಿನಿಂದ ಆಗಷ್ಟೇ ಬಂದಿಳಿದವರು. ಕ್ರೋಂಪೇಟೆಯ ಒಂದು ಚರ್ಮದ ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಸಾಮಾನು ಇಳಿಸುತ್ತಿದ್ದಾಗ ಬೀರುವಿನ ಕನ್ನಡಿ ಒಡೆಯುತ್ತದೋ, ಲಾರಿಯವನು ಜಗಳ ತೆಗೆಯುತ್ತಾನೋ, ಇವೆರಡೂ ಆಗದಿದ್ದರೆ ಇನ್ನೇನು ಕಾದಿದೆಯೋ ಎಂದು ನಾನು ನಿಂತಿದ್ದಾಗ ಮೇಲಿನಿಂದ ದನಿ ಬಂತು.

“ಏನ್ ಸಾರ್, ಮೂಟೆ ಮುಡಿಚ್ಚು ಎಲ್ಲಾ ಬಂತಾ? ಅಪ್ರಂ ಏನಕ್ಕೆ ಮುಖದ ತುಂಬ ಇಷ್ಟು ಕವಲೆ?”

ತಮಿಳಿನಲ್ಲಿ ಅಪ್ರಂ ಎಂದರೆ ಮತ್ತೆ, ಕವಲೆ ಎಂದರೆ ಚಿಂತೆ. ಅಂದಿನಿಂದ ನಾನು ಆ ಸಂದಿಗೆಲ್ಲ ‘ಕವಲೆ ಸಾರ್’ ಆದೆ. ಹೆಂಡತಿ ಒಂದು ಮಾತೂ ಆಕ್ಷೇಪಿಸಲಿಲ್ಲ. ಅವಳ ಮುಖ ನೋಡಿದರೆ, ಈ ಹೆಸರು ತನಗೇ ಯಾಕೆ ಮೊದಲು ಹೊಳೆಯಲಿಲ್ಲ ಎಂದು ಪೇಚಾಡುವಂತಿತ್ತು.

ಮಾಮಿ ಮದುವೆಯಾದವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡವರು. ಮನುಷ್ಯರು ಕೈಯಲ್ಲಿ ವೈರು ಚುಚ್ಚಿ ಲೈನ್ ಕೊಡುವ ಕಾಲ ಮುಗಿದಾಗ ಅವರ ಕೆಲಸವೂ ಮುಗಿಯಿತು. ಎಕ್ಸ್‌ಚೇಂಜಿನ ಕೋಣೆಯ ಮೂಲೆಯಲ್ಲಿ, ದೊಡ್ಡ ಅಧಿಕಾರಿಗಳು ಬಂದರೆ ಚಂದ ಕಾಣಲಿ ಎಂದು ಇಟ್ಟಿದ್ದ ಗಾಜಿನ ತೊಟ್ಟಿಯೊಂದಿತ್ತಂತೆ. ಅದರಲ್ಲಿ ಒಂದೇ ಒಂದು ಗೋಲ್ಡ್ ಫಿಷ್. ಟೇಬಲ್ಲುಗಳಿಗೆ ವಾರಸುದಾರರಿದ್ದರು, ಫ್ಯಾನುಗಳಿಗೂ ಇದ್ದರು, ಮೀನನ್ನು ಯಾರೂ ಕೇಳಲಿಲ್ಲ. “ಮಿಷನ್ ಬಂತು, ನಾನೂ ಮೀನೂ ಒಟ್ಟಿಗೆ ರಿಟೈರ್ ಆದ್ವಿ. ಒಂದೇ ಆಟೋದಲ್ಲಿ ಮನೆಗೆ ಬಂದ್ವಿ” ಎನ್ನುತ್ತಿದ್ದರು. ಮೀನಿಗೆ ಇಟ್ಟ ಹೆಸರು ಸೂಪರ್‌ವೈಸರ್. ಅವರ ಕಾಲದಲ್ಲಿ ಅಲ್ಲಿದ್ದ ಮೇಲಧಿಕಾರಿಯೊಬ್ಬರು ಹೀಗೇ ಗಾಜಿನ ಆಚೆ ನಿಂತು, ಕೇಳಿಸದಂತೆ ಬಾಯಿ ತೆರೆದು ಮುಚ್ಚಿ ಗದರಿಸುತ್ತಿದ್ದರಂತೆ. ನಾನು ಕಾಣುವ ಹೊತ್ತಿಗೆ ಸೂಪರ್‌ವೈಸರ್‌ನ ಚಿನ್ನದ ಬಣ್ಣ ಹೋಗಿ ಬೆಳ್ಳಿಯಾಗಿತ್ತು. ಗಾತ್ರ ನನ್ನ ಅಂಗೈಗಿಂತ ದೊಡ್ಡದು. ಗಾಂಭೀರ್ಯದ ವಿಷಯ ಹೋಲಿಸದಿರುವುದೇ ಮೇಲು.

ನಮ್ಮ ಮನೆಗೂ ಮೀನು ಬಂದದ್ದು ಮಗಳ ದೆಸೆಯಿಂದ. ಆಗ ಅವಳಿಗೆ ಏಳು ವರ್ಷ. ಮೈಸೂರಿನ ಗೆಳತಿಯರನ್ನು ಬಿಟ್ಟು ಬಂದ ಸಿಟ್ಟಿಗೆ ನಮ್ಮೊಂದಿಗೆ ಕನ್ನಡ ಮಾತಾಡುವುದನ್ನೇ ನಿಲ್ಲಿಸಿ, ಶಾಲೆಯಲ್ಲಿ ಕಲಿತ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ರಾಜಿಗೆಂದು ಗುಂಡಗಿನ ಗೋಲ್ಡ್ ಫಿಷ್ ತಂದೆ. ಅದು ಲಡ್ಡು. ಅದಕ್ಕೆ ಹಸಿವಾಗಿರಬಹುದೆಂಬ ಚಿಂತೆ ನನಗೆ ಬೆಳಿಗ್ಗೆ ಎದ್ದಾಗ, ಆಫೀಸಿಗೆ ಹೊರಟಾಗ, ಬಂದಾಗ, ಊಟಕ್ಕೆ ಕೂತಾಗ ಬರುತ್ತಿತ್ತು. ಬಂದಾಗಲೆಲ್ಲ ಒಂದು ಚಿಟಿಕೆ ಹಾಕುತ್ತಿದ್ದೆ. ಮಗಳು ತನ್ನ ಪಾಲು ಹಾಕುತ್ತಿದ್ದಳು. ಹೆಂಡತಿ, ಇವರಿಬ್ಬರೂ ಮರೆತಿರಬಹುದು ಎಂದು ತನ್ನದನ್ನು ಸೇರಿಸುತ್ತಿದ್ದಳು.

ಒಂದು ಶನಿವಾರ ಮಗಳು ಕೂಗಿಕೊಂಡಳು. “ಅಪ್ಪಾ, ಲಡ್ಡು ತಲೈಕೀಳಾ ನೀಂದುದು!”

ಲಡ್ಡು ಹೊಟ್ಟೆ ಮೇಲೆ ಮಾಡಿಕೊಂಡು, ಮದುವೆ ಊಟ ಮುಗಿಸಿದವರಂತೆ ತೇಲುತ್ತಿತ್ತು. ಬದುಕಿತ್ತು. ಸರಿಯಾಗಲು ಹೊರಳುವುದು, ಮತ್ತೆ ಉಲ್ಟಾ ಆಗುವುದು. ನಾನು ಅದನ್ನು ಸ್ಟೀಲ್ ಬಕೆಟ್ಟಿಗೆ ಹಾಕಿಕೊಂಡು, ಮೀನು ಮಾರಿದ ಅಂಗಡಿಯವನನ್ನೇ ಕೇಳೋಣವೆಂದು ಆಟೋ ನಿಲ್ಲಿಸಿದೆ. ಮೀನಿಗೆ ಹುಷಾರಿಲ್ಲ, ಸ್ವಲ್ಪ ನಿಧಾನಕ್ಕೆ ಓಡಿಸಪ್ಪ ಎಂದೆ. ಅವನು ಬಕೆಟ್ಟಿಗೆ ಬಗ್ಗಿ ನೋಡಿ, “ನೇರಾ ಕಾಸಿಮೇಡುಕ್ಕೇ ವಿಟ್ಟುಡಟ್ಟುಮಾ ಸಾರ್?” ಎಂದ. ನೇರ ಕಾಸಿಮೇಡಿಗೇ ಬಿಡಲಾ ಎಂದು ಕೇಳಿದ್ದು. ಆ ಬಂದರಿನಲ್ಲಿ ಬೆಳಗಾಗುವ ಮೊದಲೇ ಮೀನು ಹರಾಜಾಗುವುದು ಮಗಳಿಗೂ ಗೊತ್ತು. ಅವಳು ಬಾಯಿ ಬಿಟ್ಟು ಅಳಲು ಶುರುಮಾಡಿದಳು. ಆಗ ಮೇಲಿನ ಬಾಲ್ಕನಿಯಿಂದ ಮಾಮಿ, ನಲವತ್ತು ವರ್ಷ ಲೈನಿನ ಗಲಾಟೆಯ ಮೇಲೆ ಏರಿ ಮಾತಾಡಿದ ಆ ಗಂಟಲಿನಲ್ಲಿ ಕೂಗಿದರು.

“ಇಳೀರಿ ಸಾರ್ ಕೆಳಗೆ! ಆಟೋದಲ್ಲಿ ಕುಲುಕಿದರೆ ಇರೋ ಪ್ರಾಣವೂ ಹೋಗತ್ತೆ. ಬಕೆಟ್ಟು ಮೇಲೆ ತನ್ನಿ.”

ಮೇಲೆ ಹೋದೆವು. ಮೀನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ದಿನಕ್ಕೆ ಎಷ್ಟು ಸಲ ಹಾಕ್ತೀರಿ?” ನಾನು ಹೇಳಿದೆ. ಹೆಂಡತಿ ತನ್ನದನ್ನು ಹೇಳಿದಳು. ಮಗಳು ಬೆರಳು ಮಡಚತೊಡಗಿದಳು. ಮಾಮಿ ಕೈ ಎತ್ತಿ ಲೆಕ್ಕ ನಿಲ್ಲಿಸಿದರು.

“ಪಾವಂ, ಇದು ಖಾಯಿಲೆ ಅಲ್ಲ, ಇದು ನಿಮ್ಮ ಪ್ರೀತಿ. ಇವತ್ತು ದಶಮಿ. ನಾಳೆ ಏಕಾದಶಿ. ನಾನೂ ಉಪವಾಸ, ಅದೂ ಉಪವಾಸ. ದ್ವಾದಶಿ ಬೆಳಿಗ್ಗೆ ಪಾರಣೆಗೆ ಬನ್ನಿ, ಮೂರೂ ಜನ.”

ನಾನು ಆ ಏಕಾದಶಿಯಷ್ಟು ಕಷ್ಟದ ಏಕಾದಶಿ ಯಾವುದನ್ನೂ ಮಾಡಿಲ್ಲ, ನಾನು ಮೂರು ಹೊತ್ತೂ ತಿಂದಿದ್ದರೂ. ದ್ವಾದಶಿ ಬೆಳಿಗ್ಗೆ ಮಾಮಿ ನೆನೆಸಿಟ್ಟ ಬಟಾಣಿ ಕಾಳೊಂದನ್ನು ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಖಾರವಿಲ್ಲದೆ ಹಿಸುಕಿ, ಸಾಸಿವೆ ಗಾತ್ರದ ಚೂರುಗಳನ್ನು ನೀಲಿ ಬೆರಳ ತುದಿಯಿಂದ ಲಡ್ಡುವಿಗೆ ತಿನ್ನಿಸಿದರು. ಮಧ್ಯಾಹ್ನಕ್ಕೆ ಲಡ್ಡುವಿನ ಹೊಟ್ಟೆ ಖಾಲಿಯಾಯಿತು, ಸಂಜೆಗೆ ನೆಟ್ಟಗಾಯಿತು. “ನೇರಾ ಆಗ್ಬಿಡ್ತು!” ಎಂದು ಮಗಳು ಕುಣಿದಳು. ಅರ್ಧ ತಮಿಳು, ಅರ್ಧ ಕನ್ನಡ. ನಮಗೆ ಅರ್ಧವೇ ಸಾಕಾಗಿತ್ತು. ಆಮೇಲಿನಿಂದ ನಮ್ಮ ಮನೆಯ ಮೀನು ತಿಂಗಳಿಗೆರಡು ಏಕಾದಶಿ ತಪ್ಪದೆ ಮಾಡುತ್ತಿತ್ತು. ಮನೆಯಲ್ಲಿ ಅಷ್ಟು ನೇಮವಿದ್ದದ್ದು ಅದೊಂದಕ್ಕೇ.

ಮಾಮಿಯ ವೈದ್ಯವೆಲ್ಲ ಹೀಗೇ ಮಡಿಯ ಭಾಷೆಯಲ್ಲಿತ್ತು. ಸ್ವಂತಕ್ಕೆ ಅವರು ಮಡಿಯ ವಿಷಯದಲ್ಲಿ ಬಹಳ ಸಡಿಲ. ಹೋಟೆಲ್ ಕಾಫಿ ಕುಡಿಯುವರು, ಈರುಳ್ಳಿ ಬಜ್ಜಿಯೆಂದರೆ ಪ್ರಾಣ. ಮೀನಿನ ಮಡಿ ಮಾತ್ರ ಕಠಿಣ. ಅಂಗಡಿಯಿಂದ ಬಂದ ಹೊಸ ಮೀನಿಗೆ ಹತ್ತು ದಿನ ಸೂತಕ. ಬೇರೆ ತೊಟ್ಟಿಯಲ್ಲಿ, ಬೇರೆ ನೀರಿನಲ್ಲಿ, ಹೊರಗೆ ಕೂರಬೇಕು. ಮೈಯಲ್ಲಿ ಏನಾದರೂ ರೋಗ ಅಡಗಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಒಂದು ತೊಟ್ಟಿಗೆ ಅದ್ದಿದ ಬಲೆ ಇನ್ನೊಂದಕ್ಕೆ ಮುಸುರೆ. ಅದನ್ನು ಉಪ್ಪುನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದರಷ್ಟೇ ಮಡಿ. ನಲ್ಲಿಯ ನೀರು ಬಕೆಟ್ಟಿನಲ್ಲಿ ಒಂದು ದಿನ ಕೂತು ಕ್ಲೋರಿನ್ ಕಳೆದುಕೊಂಡರೆ ಮಾತ್ರ ಒಳಗೆ ಪ್ರವೇಶ. ತಾಮ್ರದ ಪಾತ್ರೆ ದೇವರಿಗೆ ಶ್ರೇಷ್ಠ, ಮೀನಿಗೆ ವಿಷ, ಹತ್ತಿರ ತರಕೂಡದು. ಇಡೀ ಸಂದಿ ಈ ಶಾಸ್ತ್ರವನ್ನು ಪಾಲಿಸುತ್ತಿತ್ತು. ‘ಕ್ವಾರಂಟೈನ್’ ಎಂದಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ.

ಸಂಬಂಧಿಕರಲ್ಲಿ ಕೆಲವರಿಗೆ ಕಸಿವಿಸಿ. ಶ್ರಾದ್ಧದ ಊಟಕ್ಕೆ ಬಂದ ಹಿರಿಯರೊಬ್ಬರು, ನಮ್ಮವರಾಗಿ ಮೀನು ಮುಟ್ಟುತ್ತೀಯಲ್ಲ ಎಂದು ಮುಖ ಸಿಂಡರಿಸಿದರಂತೆ. “ಮುಟ್ತೀನಿ ಅಷ್ಟೇ ಮಾಮಾ, ಸಾರು ಮಾಡ್ತೀನಾ?” ಎಂದು ಮಾಮಿ ಅವರಿಗೆ ಇನ್ನೊಂದು ವಡೆ ಬಡಿಸಿದರಂತೆ.

ಫೋನಿನಲ್ಲೇ ರೋಗ ಪತ್ತೆ ಮಾಡುವುದು ಅವರ ದೊಡ್ಡ ಹೆಮ್ಮೆ. ಅದರ ಬಗ್ಗೆ ಕೊಚ್ಚಿಕೊಳ್ಳುವುದಕ್ಕೆ ಸಂಕೋಚವೇ ಇರಲಿಲ್ಲ. ನಗರದ ಯಾವುದೋ ಮೂಲೆಯಿಂದ, ಯಾರಿಗೋ ಯಾರೋ ಹೇಳಿ, ಫೋನು ಬರುವುದು. “ಲೈನಲ್ಲೇ ಇರಿ. ಹೋಗಿ ನೋಡ್ಕೊಂಡು ಬನ್ನಿ, ಬೆನ್ನಿನ ರೆಕ್ಕೆ ಬಿಚ್ಚಿದೆಯಾ, ಕೊಡೆ ಥರ ಮುಚ್ಚಿದೆಯಾ?” ಮುಚ್ಚಿದ್ದರೆ ಎರಡನೆಯ ಪ್ರಶ್ನೆ ಮೀನಿನದಲ್ಲ. “ಮನೆಯಲ್ಲಿ ಏನು ವಿಶೇಷ ನಡೀತು?” ಗೋಡೆಗೆ ಬಣ್ಣ ಹೊಡೆಸಿರುತ್ತಾರೆ, ಸೊಳ್ಳೆಗೆ ಔಷಧಿ ಸಿಂಪಡಿಸಿರುತ್ತಾರೆ, ಹುಟ್ಟುಹಬ್ಬಕ್ಕೆ ಬಂದ ಮಕ್ಕಳು ಕೇಕು ಹಾಕಿರುತ್ತಾರೆ. ಮನೆಗೇ ಹೋಗಬೇಕಾದಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಒಮ್ಮೆ ಹಾಗೆ ತಿರುವಲ್ಲಿಕೇಣಿಯ ಒಂದು ಮನೆಗೆ ಹೋದೆವು. ತೊಟ್ಟಿಯ ನೀರು ಬಿಳಿಚಿಕೊಂಡು ಹುಳಿವಾಸನೆ ಹೊಡೆಯುತ್ತಿತ್ತು, ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಆ ಮನೆಯ ಅಜ್ಜಿ, ಮೀನೆಂದರೆ ಮತ್ಸ್ಯಾವತಾರವಲ್ಲವೇ ಎಂದು ಶುಕ್ರವಾರ ಬೆಳಿಗ್ಗೆ ಒಂದು ಲೋಟ ಹಾಲಿನ ಅಭಿಷೇಕ ಮಾಡಿಬಿಟ್ಟಿದ್ದರು. ಮಗ ಸೊಸೆ ಅಜ್ಜಿಯ ಮೇಲೆ ರೇಗುತ್ತಿದ್ದರು. ಮಾಮಿ ಅಜ್ಜಿಯ ಪಕ್ಕ ಕೂತು ಕೈ ಹಿಡಿದುಕೊಂಡರು.

“ಪಾಟೀ, ಹಾಲಲ್ಲಿ ಮಲಗೋದು ವೈಕುಂಠದ ಡ್ಯೂಟೀಲಿ. ಈ ಅವತಾರ ಪೂರ್ತಿ ನೀರಲ್ಲೇ ಆಗಿದ್ದು. ಹಾಲು ಇವತ್ತಿಂದ ಕಾಫಿಗೆ ಇರಲಿ, ಏನು?”

ಅಜ್ಜಿ ಒಪ್ಪಿ, ಆ ಕಾಫಿಯನ್ನು ನಮಗೇ ಮಾಡಿಸಿಕೊಟ್ಟರು. ನಾವು ಅದನ್ನು ಕುಡಿದು, ತೊಟ್ಟಿಯ ನೀರು ಬದಲಿಸಿ ಬಂದೆವು. ಮೀನುಗಳು ಬದುಕಿದವು. ಬದುಕದ ಮೀನುಗಳೂ ಇದ್ದವು. ಆಗ ಮಾಮಿ “ಲೈನ್ ಕಟ್ ಆಯ್ತು” ಎನ್ನುವರು, ಕರಿಬೇವಿನ ಗಿಡದ ಬುಡ ಅಗೆಯುವರು.

ಉಪವಾಸ, ಕಲ್ಲುಪ್ಪು, ದೀಪ ಆರಿಸಿ ಟವೆಲ್ ಹೊದಿಸಿ ಸುಮ್ಮನೆ ಬಿಡುವುದು. ನೀಲಿ ಬಾಟಲಿಗೆ ಕೈ ಹಾಕುವ ಮೊದಲು ಅವರ ಮದ್ದು ಇವಿಷ್ಟೇ. ನನ್ನ ಬಿಪಿಗೂ, ಉಪ್ಪೊಂದನ್ನು ಬಿಟ್ಟು, ಅದೇ ಚೀಟಿ ಬರೆದರು. “ನಿಮಗೂ ಮೇಲಿಂದ ಒಂದು ಟವೆಲ್ ಮುಚ್ಚಬೇಕು ಸಾರ್. ಬೆಳಕು ಕಂಡ್ರೆ ಯೋಚನೆ ಶುರುಮಾಡ್ತೀರಿ.”

ಅವರಿಗೆ ಒಂದೇ ಒಂದು ಆಸೆಯಿತ್ತು, ಕಾಶಿ ಬದರಿ ಯಾತ್ರೆ. ಮಠದವರು ಪ್ರತಿ ಬೇಸಿಗೆ ಒಂದು ತಿಂಗಳ ಯಾತ್ರೆಗೆ ಜನ ಕರೆದೊಯ್ಯುತ್ತಿದ್ದರು. ಪ್ರತಿ ಬೇಸಿಗೆ ಮಾಮಿ ಹೊರಡುವೆನೆನ್ನುವರು, ಪ್ರತಿ ಬೇಸಿಗೆ ಸೂಪರ್‌ವೈಸರ್‌ನ ಮುಖ ನೋಡಿ ಉಳಿಯುವರು. ಕೊನೆಗೆ ಮಂಡಿ ನೋಯತೊಡಗಿತು. ಈ ವರ್ಷ ಹತ್ತದಿದ್ದರೆ ಇನ್ನು ಬೆಟ್ಟ ಹತ್ತಲಾರೆ ಎಂಬುದು ಅವರಿಗೆ ಖಾತ್ರಿಯಾಯಿತು. ಮೀನು ನೋಡಿಕೊಳ್ಳಲು ಸಂದಿಯಲ್ಲಿ ಗಟ್ಟಿಗರು ಬೇಕಾದಷ್ಟಿದ್ದರು. ಮಾಮಿ ಕೆಳಗಿಳಿದು ಬಂದು ಕೀಲಿಕೈ ಕೊಟ್ಟದ್ದು ನನಗೆ.

“ಬೇರೆ ಯಾರಿಗಾದ್ರೂ…” ಎಂದು ಶುರುಮಾಡಿದೆ. ಕರೆಂಟು ಹೋಗಬಹುದು, ನೀರು ಬರದಿರಬಹುದು, ವಯಸ್ಸಾದ ಮೀನು, ನನ್ನ ಕೈಗುಣ ಸರಿಯಿಲ್ಲ, ಎಲ್ಲ ಹೇಳಿದೆ.

“ಅಷ್ಟೂ ಆಗಬಹುದು. ನಾನು ಬರೋ ತನಕ ಅದು ಇರಲಿ, ಅಷ್ಟೇ ಕೇಳ್ತಿರೋದು. ಬದರಿಯಲ್ಲಿ ಕೈ ಮುಗಿಯುವಾಗ ಈ ಕವಲೆ ನನಗೆ ಬೇಡ. ನೀವೇ ಇಟ್ಕೊಳ್ಳಿ, ಹೇಗೂ ಅಭ್ಯಾಸ ಇದೆ.” ಹೇಳಿ ಹೊರಟೇಬಿಟ್ಟರು. ಬೆಟ್ಟದಲ್ಲಿ ಫೋನು ಸಿಗುವುದಿಲ್ಲ, ಪ್ರಯತ್ನಿಸಬೇಡಿ ಎಂದು ಬಾಗಿಲಲ್ಲಿ ನಿಂತು ನಕ್ಕರು. ಜೀವಮಾನವೆಲ್ಲ ಬೇರೆಯವರಿಗೆ ಲೈನ್ ಕೊಟ್ಟವರು!

ಅದು ಮಳೆ ಕೈಕೊಟ್ಟ ವರ್ಷದ ಮೇ ತಿಂಗಳು. ನಲ್ಲಿಗಳು ಸೀಟಿ ಹೊಡೆಯುತ್ತಿದ್ದವು, ನೀರು ಲಾರಿಯಲ್ಲಿ ಬರುತ್ತಿತ್ತು. ಮೊದಲ ವಾರ ಸಲೀಸಾಗಿ ಕಳೆಯಿತು. ನಾನು ಆಫೀಸಿಗೆ ಮುಂಚೆ, ಬಂದ ಮೇಲೆ, ನಡುನಡುವೆ ಮೇಲೆ ಹತ್ತಿ ಇಳಿದು ತೂಕವನ್ನೂ ಇಳಿಸಿದೆ. ಹೆಂಡತಿಗೂ ಒಂಟಿ ಸೂಪರ್‌ವೈಸರ್ ಕಂಡು ಕರುಳು ಚುರ್ರೆಂದಿತು. ಅಂಗಡಿಯಿಂದ ಒಂದು ಹಿಡಿ ನೀರುಗಿಡ ತಂದು, ಹಸಿರು ತಿನ್ನಲಿ ಪಾಪ ಎಂದು ನೇರ ತೊಟ್ಟಿಗೆ ಬಿಟ್ಟಳು. ಸೂತಕ ಹೊಸ ಮೀನಿಗೆ ಅಂತ ಅವಳಿಗೆ ಗೊತ್ತಿತ್ತು, ಸೊಪ್ಪಿಗೂ ಉಂಟೆಂದು ಯಾರಿಗೆ ಗೊತ್ತು?

ಕೆಲವೇ ದಿನಗಳಲ್ಲಿ ಸೂಪರ್‌ವೈಸರ್‌ನ ಬಾಲದ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು, ರವೆಯ ಕಾಳಿನಷ್ಟು. ಬಿಳಿ ಮೀನಿನ ಮೇಲೆ ಬಿಳಿ ಚುಕ್ಕೆ. ನನ್ನ ಭ್ರಮೆ ಎಂದಳು ಹೆಂಡತಿ. ನಾನು ಟಾರ್ಚು ಹಿಡಿದು ಪಕ್ಕದಿಂದ ನೋಡಿದೆ. ಎರಡು. ಸಂಜೆಗೆ ರೆಕ್ಕೆಯ ಮೇಲೂ ಇತ್ತು. ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ಮಾಮಿಯ ಜೊತೆ ಮನೆಮನೆ ತಿರುಗಿದ್ದು ಆಗ ಕೈ ಹಿಡಿಯಿತು. ಕಲ್ಲುಪ್ಪನ್ನು ಬೇರೆ ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ನೀರು ಬೆಚ್ಚಗಿದ್ದರೆ ಆ ರೋಗದ ಹುಳು ಬೇಗ ಉದುರುತ್ತದೆ, ಅದಕ್ಕೆ ಹೀಟರ್ ಬೇಕಿರಲಿಲ್ಲ, ಮದರಾಸಿನ ಮೇ ಇತ್ತು. ಉದುರಿದ್ದನ್ನು ದಿನಾ ಪೈಪಿನಿಂದ ಎಳೆದು ತೆಗೆದು, ಅಷ್ಟೇ ಹೊಸ ನೀರು ತುಂಬಬೇಕು. ಬೆಚ್ಚಗಿನ ನೀರಲ್ಲಿ ಗಾಳಿ ಕಡಿಮೆ, ಆದ್ದರಿಂದ ಗುಳ್ಳೆ ಬಿಡುವ ಮೋಟಾರು ನಿಲ್ಲಕೂಡದು.

ಮೋಟಾರು ನಿಂತಿತು. ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ನಾನು ರಜ ಹಾಕಿ, ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತು, ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದೆ. ಗಾಳಿ ಸೇರಲಿ ಎಂದು. ಆಫೀಸಿನಲ್ಲಿ ಏನು ಕಾರಣ ಕೊಟ್ಟಿರಿ ಎಂದು ಹೆಂಡತಿ ಕೇಳಿದಳು. ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ ಅಂದೆ. “ಸುಳ್ಳಲ್ಲ ಬಿಡಿ. ಏಳಿ, ಸ್ವಲ್ಪ ಹೊತ್ತು ನಾನು ಸುರೀತೀನಿ” ಎಂದಳು. ಆಮೇಲೆ ಮಗಳು ಸುರಿದಳು.

ನೀರಿನದೇ ದೊಡ್ಡ ಚಿಂತೆ. ಮರುದಿನ ಲಾರಿ ಬಂದಾಗ ನಾನು ಒಂದು ಕೊಡ ಹೆಚ್ಚಿಗೆ ತಂದು ಸಾಲಿನಲ್ಲಿ ನಿಂತೆ. ಎದುರುಮನೆಯ ದಪ್ಪ ಗಂಟಲಿನ ಹೆಂಗಸು, ಮನುಷ್ಯರಿಗೇ ನೀರಿಲ್ಲದಾಗ ಹೆಚ್ಚಿನ ಕೊಡ ಯಾಕೆಂದು ಕೂಗಿದಳು. “ಕವಲೆ ಸಾರ್, ಎಕ್ಸ್‌ಟ್ರಾ ಕುಡಂ ಎದುಕ್ಕು? ಇಂಗೆ ಮನುಷನುಕ್ಕೇ ತಣ್ಣಿ ಇಲ್ಲೆ!” ಮೀನಿಗೆ ಎನ್ನಲು ನಾಲಿಗೆ ಹೊರಳಲಿಲ್ಲ. ಮಗಳು ಹೇಳಿಬಿಟ್ಟಳು. ಮಾಮಿಯ ಸೂಪರ್‌ವೈಸರ್‌ಗೆ ಬಿಳಿಚುಕ್ಕೆ ಆಗಿದೆ ಎಂದು, ಅಚ್ಚ ತಮಿಳಿನಲ್ಲಿ, ಲಾರಿಯ ಸದ್ದಿನ ಮೇಲೆ. ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ.

“ಮಾಮಿ ಮೀನಾ?” ಎಂದಳು ಆಕೆ. “ಅದೈ ಮೊದಲ್ಲೇ ಸೊಲ್ಲಕೂಡಾದಾ?” ಮೊದಲೇ ಹೇಳಬಾರದಿತ್ತಾ ಎಂದು ಗದರಿ ತನ್ನ ಕೊಡದಿಂದ ಅರ್ಧ ನನ್ನ ಕೊಡಕ್ಕೆ ಬಗ್ಗಿಸಿದಳು. ಹಿಂದಿದ್ದವಳು ಒಂದು ಚೊಂಬು ಹಾಕಿದಳು. ಇಸ್ತ್ರಿಯವನು ಬಕೆಟ್ಟೇ ತಂದ. ಅವನ ಮನೆಯ ಮೀನಿಗೂ ಮಾಮಿಯೇ ಏಕಾದಶಿ ಹೇಳಿಕೊಟ್ಟವರು. ಅಂದಿನಿಂದ ಲಾರಿ ಬಂದಾಗಲೆಲ್ಲ ಮಾಮಿಯ ಬಾಗಿಲ ಮುಂದೆ ಒಂದು ಕೊಡ ನೀರು ತಾನಾಗಿ ಬಂದು ಕೂರುತ್ತಿತ್ತು. ಒಂದು ದಿನ ಮುಚ್ಚಿಟ್ಟು, ಕ್ಲೋರಿನ್ ಕಳೆದು, ಮಡಿಯಾದ ಮೇಲೆ ಒಳಗೆ ಹೋಗುತ್ತಿತ್ತು. ಉಪ್ಪು ತೀರ ತೆಳುವೇ ಇದ್ದ ಕೊಳೆನೀರು ಎಲ್ಲರ ಮಲ್ಲಿಗೆ ಗಿಡಗಳಿಗೆ. ಆ ಬರಗಾಲದಲ್ಲೂ ನಮ್ಮ ಸಂದಿಯ ಮಲ್ಲಿಗೆ ಸೊಕ್ಕಿ ಹೂಬಿಟ್ಟಿತು.

ಚುಕ್ಕೆಗಳು ಉದುರಿದವು. ಒಂದು ಬೆಳಿಗ್ಗೆ ಸೂಪರ್‌ವೈಸರ್ ಗಾಜಿನ ಹತ್ತಿರ ಬಂದು, ಬಾಯಿ ತೆರೆದು ಮುಚ್ಚಿ ನನ್ನನ್ನು ಗದರಿಸಿತು. ನನ್ನ ಯಾವ ಮೇಲಧಿಕಾರಿಯ ಬೈಗುಳವೂ ನನಗೆ ಅಷ್ಟು ಹಿತವಾಗಿ ಕಂಡಿಲ್ಲ.

ಮಾಮಿ ಕಪ್ಪಾಗಿ, ಸೊರಗಿ, ಕಣ್ಣು ಮಾತ್ರ ಹೊಳೆಯುತ್ತಾ ಬಂದಿಳಿದರು. ಅವರು ಚೀಲ ಕೆಳಗಿಡುವ ಮೊದಲೇ ನಾನು ಗಿಡ, ಚುಕ್ಕೆ, ಮಗ್ಗು, ಲಾರಿ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಸೂಪರ್‌ವೈಸರ್ ಅವರ ನೀಲಿ ಬೆರಳನ್ನು ಗುರುತು ಹಿಡಿದು ಹಿಂದೆ ಹಿಂದೆ ಓಡಾಡಿತು. ಬೆರಳು ಅಷ್ಟೇನೂ ನೀಲಿಯಿರಲಿಲ್ಲ, ಗಂಗೆಯಲ್ಲಿ ತೊಳೆದು ಮಾಸಿತ್ತು.

“ಮೊದಲನೇ ಚುಕ್ಕೆ ಯಾವಾಗ ಕಂಡಿತು?”

“ಒಂದೇ ಒಂದು ಇದ್ದಾಗ.”

“ಅದಕ್ಕೇ ನಿಮಗೆ ಕೊಟ್ಟಿದ್ದು. ಧೈರ್ಯವಂತರು ಭಾನುವಾರಕ್ಕೊಂದು ಸಲ ನೋಡಿರೋರು ಸಾರ್, ಅಷ್ಟು ಹೊತ್ತಿಗೆ ಮೈಯೆಲ್ಲಾ ಆಗಿರೋದು. ಈ ಕೆಲಸಕ್ಕೆ ಕವಲೆ ಇರೋರೇ ಬೇಕು.”

ನನ್ನ ಚಿಂತೆಗೆ ಯಾರಾದರೂ ಸರ್ಟಿಫಿಕೇಟ್ ಕೊಟ್ಟದ್ದು ಅದೊಂದೇ ಸಲ. ಸಂತೋಷದಲ್ಲಿ ನನ್ನ ಕೈ ನಿಲ್ಲಲಿಲ್ಲ. ಅವರು ಕಾಶಿಯಿಂದ ತಂದ, ಮೊಹರು ಹಾಕಿದ ಪುಟ್ಟ ಗಂಗೆಯ ತಂಬಿಗೆಗಳು ಮೇಜಿನ ಮೇಲಿದ್ದವು. ಒಂದನ್ನೆತ್ತಿ, “ಸೂಪರ್‌ವೈಸರ್‌ಗೂ ಒಂದು ಚಮಚ ಗಂಗೆ ಬಿಡೋಣವಾ ಮಾಮಿ?” ಎಂದೆ.

ಮಾಮಿ ಥಟ್ಟನೆ ಎದ್ದು ತಂಬಿಗೆ ಕಿತ್ತುಕೊಂಡರು. ಮಂಡಿನೋವು ಎಲ್ಲಿ ಹೋಯಿತೋ.

“ಅಡ ರಾಮಾ! ತಾಮ್ರದ ತಂಬಿಗೆ, ಹೊರಗಿಂದ ಬಂದ ನೀರು! ಗಂಗೆ ಆದ್ರೆ ಏನಾಯ್ತು? ಮೊದಲು ಹತ್ತು ದಿನ ಹೊರಗೆ ಕೂರಲಿ.”

ಆ ತಂಬಿಗೆ ಮೊಹರೊಡೆಯದೆ ದೇವರ ಗೂಡಿಗೆ ಹೋಯಿತು. ಸೂಪರ್‌ವೈಸರ್ ಆಮೇಲೂ ಎರಡು ಮಳೆಗಾಲ ಕಂಡು, ವಯಸ್ಸಾಗಿ, ರೋಗವಿಲ್ಲದೆ ಹೋಯಿತು. ನಾವು ಕ್ರೋಂಪೇಟೆಗೇ ಮನೆ ಬದಲಿಸಿದೆವು.

ಫೋನಿನಲ್ಲಿ ಆ ಹುಡುಗಿ ಕೊನೆಗೆ ಹೇಳಿದಳು, “ಕಡೇ ಹೊತ್ತಲ್ಲಿ ಅತ್ತೆ ಬಾಯಿಗೆ ಒಂದು ಚಮಚ ಗಂಗೆ ಬಿಟ್ವಿ ಅಂಕಲ್. ಕುಡಿದ್ರು.”

ನನ್ನ ಬಾಯಿಂದ ತಾನಾಗಿ ಬಂತು. “ಯಾವ ಗಂಗೆ? ಯಾವಾಗ ತಂದದ್ದು?” ಪಕ್ಕದಲ್ಲಿದ್ದ ಹೆಂಡತಿ ನನ್ನ ತೊಡೆ ಚಿವುಟಿದಳು.

“ಅವರೇ ಕಾಶಿಯಿಂದ ತಂದಿದ್ದು. ದೇವರ ಗೂಡಲ್ಲಿ ಇತ್ತಲ್ಲ, ಸೀಲ್ ಒಡೆಯದೆ, ಎಷ್ಟೋ ವರ್ಷದಿಂದ.”

ಸರಿ ಹಾಗಾದರೆ, ಎಂದುಕೊಂಡೆ. ಹತ್ತು ದಿನಕ್ಕಿಂತ ಎಷ್ಟೋ ಹೆಚ್ಚೇ ಆಗಿತ್ತು.